‘ಕಾಫಿರಹಿತ’ ಚೈತನ್ಯದ ಪುಡಿ ಕೊಳ್ಳುವ ಮುನ್ನ ಡಬ್ಬಿಯ ಹಿಂಭಾಗ ಓದಿ

ಕಾಫಿಯನ್ನು ಬಿಟ್ಟು, ಅದರ ಬದಲಿಗೆ ದಿನವಿಡೀ ಚುರುಕಾಗಿರಿಸುವ ಬೇರೊಂದು ಪೇಯವನ್ನು ಹುಡುಕುತ್ತಿರುವವರು ಡಬ್ಬಿಯ ಮೇಲೆ ‘ಕಾಫಿರಹಿತ’ ಎಂದು ಅಚ್ಚಾಗಿರುವುದನ್ನು ಕಂಡು ಅದರಲ್ಲಿ ಕೆಫೀನ್ (ಕಾಫಿಯ ಚುರುಕಿಗೆ ಕಾರಣವಾದ ವಸ್ತು) ಇಲ್ಲವೆಂದು ಭಾವಿಸಬಾರದು. ಈ ಎರಡರ ನಡುವಿನ ಅಂತರವನ್ನು ಮಸುಕಾಗಿಸಿಯೇ ವ್ಯಾಪಾರ ನಡೆಸುವ ಉತ್ಪನ್ನಗಳಿವೆ. ಅಂಥ ಒಂದು ಪುಡಿಯಿಂದ ನನಗಾದ ತೊಂದರೆಯನ್ನೂ ಅದರ ಹಿಂದಿನ ಕಾರಣಗಳನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಉತ್ಪನ್ನದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಬಗೆಯ ಪದಾರ್ಥಗಳನ್ನು ಬೆರೆಸಿದ ಪುಡಿಗಳು ಹಲವು ಹೆಸರುಗಳಲ್ಲಿ ಸಿಗುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಕೊಂಡರೆ ಏನೂ ಬದಲಾಗುವುದಿಲ್ಲ.

ನಾನು ಕಾಫಿಯನ್ನು ಬಿಡಬೇಕಾಗಿ ಬಂದದ್ದು ನಿದ್ದೆಯ ಸಲುವಾಗಿ. ಕೆಫೀನ್‌ನ ಅರ್ಧಾಯುಷ್ಯ ಆರೋಗ್ಯವಂತ ವಯಸ್ಕರಲ್ಲಿ ಸರಾಸರಿ 5 ಗಂಟೆ. ಅಂದರೆ ಸಂಜೆ 5 ಗಂಟೆಗೆ ಕುಡಿದದ್ದರಲ್ಲಿ ಅರ್ಧದಷ್ಟು ರಾತ್ರಿ 10 ಗಂಟೆಗೂ ರಕ್ತದಲ್ಲಿರುತ್ತದೆ. ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಮತ್ತಷ್ಟು ಕಾಫಿ ಬೇಕಾಗುತ್ತದೆ, ಆ ಕಾಫಿಯಿಂದ ಮತ್ತೆ ನಿದ್ದೆ ಕೆಡುತ್ತದೆ. ಈ ಸುತ್ತಿನಿಂದ ಹೊರಬರಲು ಕೆಫೀನನ್ನು ಕಡಿಮೆ ಮಾಡುವಂತೆ ವೈದ್ಯರು ಸೂಚಿಸಿದ್ದರು. ಅದೇ ಸಮಯದಲ್ಲಿ ಕಣ್ಣಿಗೆ ಬಿದ್ದ ಪುಡಿಯೊಂದರ ಜಾಹೀರಾತಿನಲ್ಲಿ ಕಾಫಿಯಿಲ್ಲದೆ ಏಕಾಗ್ರತೆ, ನಡುಕವಿಲ್ಲದ ಚೈತನ್ಯ, ಮಧ್ಯಾಹ್ನದ ಜೋಂಪು ಮಾಯ ಎಂಬ ಭರವಸೆಗಳಿದ್ದವು. ಹಸಿರು ಎಲೆಯ ಚಿತ್ರವಿದ್ದ ಡಬ್ಬಿ, ಒಳಗೊಂದು ಪ್ಲಾಸ್ಟಿಕ್ ಅಳತೆ ಚಮಚ, ದಿನಕ್ಕೆ ಮೂರು ಚಮಚದವರೆಗೆ ಸೇವಿಸಬಹುದೆಂಬ ಸೂಚನೆ. ಕೆಫೀನ್ ಎಂಬ ಪದ ಡಬ್ಬಿಯ ಮೇಲೆ ಎಲ್ಲಿಯೂ ಇರಲಿಲ್ಲ.

ಮೊದಲ ದಿನಗಳಲ್ಲಿ ನಡೆದದ್ದನ್ನು ಓದುಗರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಕಾಫಿಯನ್ನು ಒಮ್ಮೆಗೇ ನಿಲ್ಲಿಸಿದ್ದರೂ ನನಗೆ ತಲೆನೋವು ಬರಲಿಲ್ಲ, ತೂಕಡಿಕೆ ಬರಲಿಲ್ಲ, ಸಿಡುಕೂ ಬರಲಿಲ್ಲ. ಡಬ್ಬಿಯೊಂದಿಗೆ ಬಂದಿದ್ದ ಕರಪತ್ರ ಇದನ್ನೇ ತನ್ನ ಹೆಗ್ಗಳಿಕೆಯಾಗಿ ಹೇಳಿಕೊಂಡಿತ್ತು: ಈ ಪುಡಿಯೊಂದಿಗೆ ಕಾಫಿ ಬಿಡುವವರಿಗೆ ಯಾವ ಕಷ್ಟವೂ ಇಲ್ಲವಂತೆ. ಆದರೆ ನಿತ್ಯ ಕಾಫಿ ಕುಡಿಯುವವರು ಕೆಫೀನನ್ನು ಥಟ್ಟನೆ ನಿಲ್ಲಿಸಿದಾಗ ತಲೆನೋವು, ಆಯಾಸ, ಮಂಕು ಕಾಣಿಸಿಕೊಳ್ಳುವುದು ಎಷ್ಟು ಸಾಮಾನ್ಯವೆಂದರೆ, ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದೆ. ಈ ಲಕ್ಷಣಗಳು ಸಾಮಾನ್ಯವಾಗಿ ಕೊನೆಯ ಕಪ್ಪಿನ ನಂತರ 12ರಿಂದ 24 ಗಂಟೆಗಳೊಳಗೆ ಶುರುವಾಗಿ, ಒಂದೆರಡು ದಿನಗಳಲ್ಲಿ ತೀವ್ರವಾಗಿ, 2ರಿಂದ 9 ದಿನಗಳವರೆಗೆ ಉಳಿಯುತ್ತವೆ. ಎಚ್ಚರದ ಹೊತ್ತಿನಲ್ಲಿ ಮೆದುಳಿನಲ್ಲಿ ಸಂಗ್ರಹವಾಗುವ ಅಡೆನೊಸಿನ್ ಎಂಬ ವಸ್ತು ನರಕೋಶಗಳ ಗ್ರಾಹಕಗಳಿಗೆ ಅಂಟಿಕೊಂಡು ದಣಿವಿನ ಸೂಚನೆ ಕೊಡುತ್ತದೆ, ಮೆದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಕೆಫೀನ್ ಅದೇ ಗ್ರಾಹಕಗಳಲ್ಲಿ ತಾನು ಕುಳಿತು ಅಡೆನೊಸಿನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ. ಕೆಫೀನ್ ಇಲ್ಲವಾದಾಗ ಅಡೆನೊಸಿನ್‌ನ ಪ್ರಭಾವ ಒಮ್ಮೆಲೇ ಹೆಚ್ಚಿ ತಲೆ ನೋಯುತ್ತದೆ. ಹಾಗಿರುವಾಗ, ಹೊಸ ಪೇಯವನ್ನು ಹಿಡಿದ ವಾರದಲ್ಲಿ ಇದಾವುದೂ ಆಗದಿದ್ದರೆ ಸಂತೋಷಪಡುವುದಕ್ಕಿಂತ ಮೊದಲು ಆ ಪೇಯದಲ್ಲಿಯೇ ಕೆಫೀನ್ ಇದೆಯೇ ಎಂದು ಅನುಮಾನಿಸುವುದು ಸರಿಯಾದ ಕ್ರಮ.

ತೊಂದರೆ ಆರಂಭವಾದದ್ದು ಪ್ರಮಾಣವು ಸೂಚನೆಯಲ್ಲಿದ್ದ ಮೂರು ಚಮಚಕ್ಕೆ ತಲುಪಿದ ಬಳಿಕ. ಕುಳಿತಲ್ಲಿಯೇ ಎದೆ ಡವಡವ ಬಡಿದುಕೊಳ್ಳುತ್ತಿತ್ತು; ಬರೆಯಲು ಪೆನ್ನು ಹಿಡಿದರೆ ಬೆರಳ ತುದಿಗಳು ಸಣ್ಣಗೆ ಅದುರುತ್ತಿದ್ದವು; ರಾತ್ರಿ ಕಣ್ಣು ಮುಚ್ಚಿದರೆ ಕಿವಿಯಲ್ಲಿ ನಾಡಿಯ ಸದ್ದು ಕೇಳುತ್ತಿತ್ತು. ಏಕಾಗ್ರತೆಯಂತೂ ದೂರದ ಮಾತು, ಒಂದು ಪುಟವನ್ನು ಓದಿ ಮುಗಿಸುವಷ್ಟರಲ್ಲಿ ಮನಸ್ಸು ಹತ್ತು ಕಡೆ ಹರಿದಿರುತ್ತಿತ್ತು. ನಂತರದ ವಾರಗಳಲ್ಲಿ ಕಾಲುಗಳಲ್ಲಿ ಸೆಳೆತ ಕಾಣಿಸಿಕೊಂಡು, ಸಂಜೆಯ ಹೊತ್ತಿಗೆ ಪಾದಗಳು ಊದಿಕೊಳ್ಳತೊಡಗಿದಾಗ ವೈದ್ಯರಲ್ಲಿಗೆ ಹೋದೆ. ಹಿಂದೆಂದೂ ರಕ್ತದೊತ್ತಡದ ತೊಂದರೆಯಿಲ್ಲದಿದ್ದ ನನ್ನಲ್ಲಿ ಒತ್ತಡ ಏರಿತ್ತು. ಇಸಿಜಿಯಲ್ಲಿ ವೇಗದ ಬಡಿತವೊಂದನ್ನು ಬಿಟ್ಟು ಬೇರೆ ದೋಷವಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಪೊಟ್ಯಾಶಿಯಂ ಕಡಿಮೆಯಿತ್ತು.

ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದ ವೈದ್ಯರು, ಔಷಧವಿಲ್ಲ ಎಂದಾಗ, ಹಾಗಾದರೆ ಕಷಾಯ, ಪುಡಿ, ಟಾನಿಕ್ ಏನಾದರೂ ಉಂಟೇ ಎಂದು ಎರಡನೆಯ ಪ್ರಶ್ನೆ ಕೇಳಿದರು. ಆ ಎರಡನೆಯ ಪ್ರಶ್ನೆಯನ್ನು ಎಲ್ಲ ವೈದ್ಯರೂ ಕೇಳುವುದಿಲ್ಲವಾದ್ದರಿಂದ ರೋಗಿಯೇ ಮುಂದಾಗಿ ಹೇಳುವುದು ಒಳ್ಳೆಯದು. ಡಬ್ಬಿಯನ್ನು ತರಿಸಿಕೊಂಡು ಹಿಂಭಾಗದ ಸಣ್ಣಕ್ಷರಗಳನ್ನು ಅವರು ಬೆರಳಿಟ್ಟು ಓದಿದರು. ‘ಸ್ವಂತ ಮಿಶ್ರಣ, 3 ಗ್ರಾಂ’ ಎಂಬ ಒಂದೇ ಸಾಲಿನ ಕೆಳಗೆ ಆರು ಪದಾರ್ಥಗಳಿದ್ದವು: ಗ್ವಾರಾನಾ ಬೀಜದ ಪುಡಿ, ಯೆರ್ಬಾ ಮಾಟೆ ಎಲೆ (ದಕ್ಷಿಣ ಅಮೆರಿಕದಲ್ಲಿ ಚಹಾದಂತೆ ಕುಡಿಯುವಂಥದ್ದು), ಜ್ಯೇಷ್ಠಮಧು, ಹಸಿರು ಚಹಾದ ಸಾರ, ಅಶ್ವಗಂಧ, ಚಾಗಾ ಅಣಬೆ. ಯಾವುದು ಎಷ್ಟೆಂಬುದು ಇರಲಿಲ್ಲ.

ಇವುಗಳಲ್ಲಿ ಮೊದಲನೆಯದೂ ಎರಡನೆಯದೂ ನಾಲ್ಕನೆಯದೂ ಕೆಫೀನ್‌ನ ಮೂಲಗಳು. ಅಮೆಜಾನ್ ಪ್ರದೇಶದ ಬಳ್ಳಿಯಾದ ಗ್ವಾರಾನಾದ ಬೀಜದಲ್ಲಿ ಕೆಫೀನ್ ಸುಮಾರು ಶೇಕಡಾ 2ರಿಂದ 6ರಷ್ಟಿರುತ್ತದೆ. ಕಾಫಿ ಬೀಜದಲ್ಲಿ ಇರುವುದು ಸುಮಾರು ಶೇಕಡಾ 1ರಿಂದ 2 ಮಾತ್ರ. ಕರಪತ್ರದಲ್ಲಿ ಇದನ್ನು ‘ಗ್ವಾರಾನೈನ್’ ಎಂದು ಕರೆದು, ಇದು ಕಾಫಿಯಂತಲ್ಲ, ಸೌಮ್ಯವಾದದ್ದು ಎಂದು ಹೊಗಳಲಾಗಿತ್ತು. 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ ಕಾಫಿ ಬೀಜದಿಂದ ಬೇರ್ಪಡಿಸಿದ ಅಣುವೇ ಇದರಲ್ಲಿಯೂ ಇದೆ. ರಕ್ತಕ್ಕೆ ಸೇರಿದ ಮೇಲೆ ಅದು ಯಾವ ಗಿಡದಿಂದ ಬಂದಿತೆಂದು ದೇಹ ವಿಚಾರಿಸುವುದಿಲ್ಲ.

ಪ್ರಮಾಣದ ಲೆಕ್ಕ ಇನ್ನೂ ಕಳವಳಕಾರಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದು ವಾಡಿಕೆ. ಆರರಲ್ಲಿ ಮೊದಲನೆಯದಾದ ಗ್ವಾರಾನಾ ಒಂದು ಚಮಚದ 3 ಗ್ರಾಂನಲ್ಲಿ ಕನಿಷ್ಠ ಅರ್ಧ ಗ್ರಾಂ ಇರಲೇಬೇಕು. ಉಳಿದ ಐದನ್ನು ಹೆಸರಿಗೆ ಚಿಟಿಕೆಯಷ್ಟು ಹಾಕಿದ್ದರೆ ಅದೊಂದೇ 3 ಗ್ರಾಂನ ಸಮೀಪಕ್ಕೂ ಹೋಗಬಹುದು. ಅಂದರೆ ಒಂದು ಚಮಚದಲ್ಲಿ ಗ್ವಾರಾನಾದಿಂದಲೇ ಬರುವ ಕೆಫೀನ್ 10 ಮಿಲಿಗ್ರಾಂ ಇರಬಹುದು, 180 ಮಿಲಿಗ್ರಾಂಗೆ ಹತ್ತಿರವೂ ಇರಬಹುದು. ಚಮಚವನ್ನು ತಲೆ ಸಮ ಮಾಡಿ ತೆಗೆಯುತ್ತೀರೋ, ಗೋಪುರದಂತೆ ತುಂಬಿ ತೆಗೆಯುತ್ತೀರೋ ಎಂಬುದರ ಮೇಲೆ ಈ ಅಂಕಿ ಮತ್ತೆ ಏರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಒಮ್ಮೆಗೆ 200 ಮಿಲಿಗ್ರಾಂ, ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಎಂಬ ಮಿತಿಗಳನ್ನು ಸೂಚಿಸಿತು. ಮೂರು ಚಮಚದಲ್ಲಿ ನಾನು ಆ ಮಿತಿಯ ಒಳಗಿದ್ದೆನೋ ದಾಟಿದ್ದೆನೋ ಎಂದು ತಿಳಿಯುವ ದಾರಿಯನ್ನೇ ಆ ಡಬ್ಬಿ ಮುಚ್ಚಿಟ್ಟಿತ್ತು. ಒಂದು ಕಪ್ ಕಾಫಿಯ ಅಂದಾಜು, ಸುಮಾರು 90 ಮಿಲಿಗ್ರಾಂ ಎಂಬುದಾದರೂ, ಯಾರಿಗೂ ತಿಳಿಯುವಂಥದ್ದು.

ಊತ, ಸೆಳೆತ, ಪೊಟ್ಯಾಶಿಯಂ ಕುಸಿತ ಇವುಗಳನ್ನು ಕೆಫೀನ್‌ನ ಲೆಕ್ಕಕ್ಕೆ ಹಚ್ಚಲಾಗದು. ಅವುಗಳ ಬಗ್ಗೆ ವೈದ್ಯರು ತೋರಿಸಿದ್ದು ಪಟ್ಟಿಯ ಮೂರನೆಯ ಹೆಸರನ್ನು. ಪುಡಿಗೆ ಸಕ್ಕರೆಯಿಲ್ಲದ ಸಿಹಿ ಕೊಡಲೆಂದು ಸೇರಿಸುವ ಜ್ಯೇಷ್ಠಮಧುವಿನಲ್ಲಿ ಗ್ಲಿಸಿರೈಜಿನ್ ಎಂಬ ಅಂಶವಿದೆ. ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಅದು ತಡೆಯುವುದರಿಂದ ದೇಹವು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಶಿಯಂ ಅನ್ನು ಹೊರಹಾಕುತ್ತದೆ, ರಕ್ತದೊತ್ತಡ ಏರುತ್ತದೆ. ಕೆಮ್ಮಿಗೆಂದು ಎರಡು ದಿನ ಚಪ್ಪರಿಸುವ ತುಂಡಿನಿಂದ ಹೀಗಾಗುವುದು ಅಪರೂಪ. ದಿನವೂ, ತಿಂಗಳುಗಟ್ಟಲೆ, ಅಳತೆ ತಿಳಿಯದೆ ಹೊಟ್ಟೆಗೆ ಹೋಗುವುದು ಬೇರೆಯೇ ಸಂಗತಿ.

ತಯಾರಕರಿಗೆ ಪತ್ರ ಬರೆದು, ಪ್ರತಿ ಚಮಚದಲ್ಲಿ ಕೆಫೀನ್ ಎಷ್ಟಿದೆಯೆಂದು ಕೇಳಿದೆ. ಉತ್ಪನ್ನಕ್ಕೆ ತಾವು ಕೆಫೀನನ್ನು ಸೇರಿಸಿಲ್ಲ, ಅದರಲ್ಲಿರುವುದು ಸಸ್ಯಸಹಜ ಚೈತನ್ಯ ಮಾತ್ರ ಎಂಬ ಉತ್ತರ ಬಂದಿತು. ಮತ್ತೆ ಕೇಳಿದ್ದಕ್ಕೆ, ಮಿಶ್ರಣದ ಪ್ರಮಾಣ ವ್ಯಾಪಾರ ರಹಸ್ಯವೆಂದರು. ತೆರೆದ ಡಬ್ಬಿಯನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದೂ, ದೇಹ ಹೊಂದಿಕೊಳ್ಳುವವರೆಗೆ ಇಂಥ ಲಕ್ಷಣಗಳು ಸಹಜವೆಂದೂ ಸೇರಿಸಿದ್ದರು. ಕೊನೆಯ ಆ ಮಾತು ನನಗೆ ಎಲ್ಲಕ್ಕಿಂತ ಅಪಾಯಕಾರಿ ಎನ್ನಿಸಿತು. ಅದನ್ನು ನಂಬಿ ಮುಂದುವರಿಸಿದವರ ಗತಿ ಏನು? ಕೆಫೀನನ್ನು ಪ್ರತ್ಯೇಕವಾಗಿ ಬೆರೆಸಿದರೆ ಪದಾರ್ಥಗಳ ಪಟ್ಟಿಯಲ್ಲಿ ಅದರ ಹೆಸರು ಬರಬೇಕಾಗುತ್ತದೆ. ಕೆಫೀನ್ ತುಂಬಿದ ಬೀಜವನ್ನು ಬೆರೆಸಿದರೆ ಬೀಜದ ಹೆಸರು ಬಂದರೆ ಸಾಕಾಗುವ ಕಡೆಗಳಿವೆ. ಈ ಸಂದಿಯಲ್ಲಿಯೇ ಇಂಥ ಉತ್ತರಗಳು ಹುಟ್ಟುತ್ತವೆ.

ವೈದ್ಯರ ಸಲಹೆಯಂತೆ ಪುಡಿಯನ್ನು ನಿಲ್ಲಿಸಿದ ಮರುದಿನ, ಕಾಫಿ ಬಿಟ್ಟಾಗ ಬಾರದ ತಲೆನೋವು ಬಂದಿತು. ಹಣೆಯ ಎರಡೂ ಬದಿಯಲ್ಲಿ ಮಿಡಿಯುವ, ಬಗ್ಗಿದರೆ ಹೆಚ್ಚುವ ನೋವು, ಜೊತೆಗೆ ಹಗಲೆಲ್ಲ ಆಕಳಿಕೆ. ಪ್ರಯೋಗಾಲಯದ ವರದಿಯಿಲ್ಲದೆಯೂ ಆ ಡಬ್ಬಿಯಲ್ಲಿ ಏನಿತ್ತೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿರಲಿಲ್ಲ. ತಲೆನೋವು ಕೆಲವು ದಿನಗಳಲ್ಲಿ ಇಳಿಯಿತು. ಪೊಟ್ಯಾಶಿಯಂ ಮತ್ತು ರಕ್ತದೊತ್ತಡ ಮೊದಲಿನ ಮಟ್ಟಕ್ಕೆ ಬರಲು ವಾರಗಳು ಹಿಡಿದವು.

ಪಟ್ಟಿಯಲ್ಲಿ ಉಳಿದ ಹೆಸರುಗಳಿಂದ ನನಗೆ ಹಾನಿಯಾಗಲಿಲ್ಲವಾದರೂ ಅವೂ ನಿರಪಾಯಕಾರಿಯಲ್ಲ. ಅಶ್ವಗಂಧದ ಸಾರವನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಥೈರಾಯ್ಡ್ ಔಷಧ ಸೇವಿಸುವವರು ಅದನ್ನು ಮುಟ್ಟುವ ಮೊದಲು ವೈದ್ಯರನ್ನು ಕೇಳಬೇಕು. ಹಸಿರು ಚಹಾದ ಸಾರವೆಂದರೆ ಹಸಿರು ಚಹಾ ಅಲ್ಲ: ಅದರಲ್ಲಿ ಸಾಂದ್ರವಾಗಿರುವ ಇಜಿಸಿಜಿ ಎಂಬ ಅಂಶವು ಪೂರಕಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಹೋದಾಗ ಯಕೃತ್ತಿನ ಕಿಣ್ವಗಳು ಏರುತ್ತವೆಂದು ಯುರೋಪಿನ ಅದೇ ಪ್ರಾಧಿಕಾರ 2018ರಲ್ಲಿ ತಿಳಿಸಿತು. ಚಾಗಾ ಅಣಬೆಯಲ್ಲಿ ಆಕ್ಸಲೇಟ್ ಹೇರಳವಾಗಿದ್ದು, ಅದರ ಪುಡಿಯನ್ನು ದೀರ್ಘಕಾಲ ಸೇವಿಸಿದವರಲ್ಲಿ ಮೂತ್ರಪಿಂಡ ಕೆಟ್ಟ ಪ್ರಕರಣಗಳಿವೆ. ಸಸ್ಯಮೂಲ ಎಂಬ ಮಾತಿಗೆ ಮಾರುಹೋಗುವವರು ಎಫೆಡ್ರಾದ ಕಥೆಯನ್ನು ನೆನಪಿಡಬಹುದು. ಚೈತನ್ಯಕ್ಕೂ ತೂಕ ಇಳಿಸಲಿಕ್ಕೂ ಮಾರಾಟವಾಗುತ್ತಿದ್ದ ಆ ಗಿಡದ ಪೂರಕಗಳನ್ನು, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಪ್ರಕರಣಗಳ ನಂತರ, ಅಮೆರಿಕ 2004ರಲ್ಲಿ ನಿಷೇಧಿಸಬೇಕಾಯಿತು.

ಹಾಗಾದರೆ ಏನನ್ನು ಕುಡಿಯಬೇಕು ಎಂದು ಕೇಳುವವರು, ತಮಗೆ ಬೇಕಿರುವುದು ಕೆಫೀನ್‌ನಿಂದ ಬಿಡುಗಡೆಯೋ ಅಥವಾ ಕಾಫಿಯಿಂದ ಮಾತ್ರವೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಕಾಫಿಯಿಂದ ಹೊಟ್ಟೆಯುರಿ ಬರುವವರಿಗೆ ಚಹಾ ಅಥವಾ ಮಾಚಾ (ಹಸಿರು ಚಹಾ ಎಲೆಯ ನುಣ್ಣನೆಯ ಪುಡಿ) ಹೊಂದಿಕೊಳ್ಳಬಹುದು. ಇವುಗಳಲ್ಲಿ ಕೆಫೀನ್ ಇದೆಯೆಂಬುದು ಗುಟ್ಟೇನಲ್ಲ, ಪ್ರಮಾಣವನ್ನು ಅಂದಾಜಿಸಲೂ ಸಾಧ್ಯ. ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ, ಕಾಫಿಯಲ್ಲಿಯೂ ಕಪ್ಪಿಗೆ 2ರಿಂದ 15 ಮಿಲಿಗ್ರಾಂ ಉಳಿದಿರುತ್ತದೆ, ಬಹುಪಾಲು ಜನರಿಗೆ ಅದು ಲೆಕ್ಕಕ್ಕಿಲ್ಲ. ಕೆಫೀನ್ ಸಂಪೂರ್ಣ ಬೇಡವೆನ್ನುವವರಿಗೆ ಹುರಿದ ಬಾರ್ಲಿ, ಚಿಕೋರಿ ಬೇರು, ರೂಯಿಬಾಸ್ (ದಕ್ಷಿಣ ಆಫ್ರಿಕಾದ ಒಂದು ಗಿಡದ ಎಲೆಯ ಪೇಯ) ಇವೆ. ಬಾರ್ಲಿಯಲ್ಲಿ ಕೆಲವರಿಗೆ ಒಗ್ಗದ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಚಿಕೋರಿಯ ಇನ್ಯುಲಿನ್ ನಾರು ಸೂಕ್ಷ್ಮ ಹೊಟ್ಟೆಯವರಿಗೆ ವಾಯುವನ್ನುಂಟುಮಾಡುತ್ತದೆ. ಚಿಕೋರಿ ಎಂದು ಮಾರುವ ಕೆಲವು ಪುಡಿಗಳಲ್ಲಿ ಕಾಫಿಯೂ ಬೆರೆತಿರುತ್ತದೆ. ಇವುಗಳಿಂದ ಸಿಗುವುದು ರುಚಿ, ಬಿಸಿ, ಕೆಲಸದ ನಡುವಿನ ಬಿಡುವು. ಚುರುಕು ಸಿಗುವುದಿಲ್ಲ. ಕೆಫೀನ್‌ರಹಿತವೆಂದು ಹೇಳಿಕೊಳ್ಳುತ್ತಲೇ ಅರ್ಧ ಗಂಟೆಯಲ್ಲಿ ಮೈಯೆಲ್ಲ ಚುರುಕಾಗಿಸುವ ಪುಡಿ ಸಿಕ್ಕರೆ, ನನ್ನ ಮಟ್ಟಿಗೆ ಅದು ಅನುಮಾನಕ್ಕೆ ಸಾಕಷ್ಟು ಕಾರಣ. ಅಳತೆಯನ್ನು ತಾವೇ ನಿಯಂತ್ರಿಸುತ್ತೇವೆಂದು ಶುದ್ಧ ಕೆಫೀನ್ ಪುಡಿಯನ್ನು ತರಿಸಿಕೊಳ್ಳುವ ಆಲೋಚನೆಯನ್ನಂತೂ ಯಾರೂ ಮಾಡಬಾರದು. ಅದರ ಒಂದು ಟೀ ಚಮಚ ಸುಮಾರು 28 ಕಪ್ ಕಾಫಿಗೆ ಸಮವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿದೆ, ಅದರಿಂದ ಸಾವುಗಳೂ ಸಂಭವಿಸಿವೆ.

ಬಿಡುವ ಕ್ರಮದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಈಗ ಕುಡಿಯುತ್ತಿರುವುದನ್ನೇ ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಇಳಿಸಿ, ಸಂಜೆಯ ಕಪ್ಪನ್ನು ಮೊದಲು ಬಿಟ್ಟರೆ ತಲೆನೋವು ಸೌಮ್ಯವಾಗಿರುತ್ತದೆ. ನಾನು ಈಗ ಅನುಸರಿಸುತ್ತಿರುವುದು ಇದನ್ನೇ.

ಗರ್ಭಿಣಿಯರು, ಗರ್ಭನಿರೋಧಕ ಮಾತ್ರೆ ಸೇವಿಸುವವರು, ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಅಥವಾ ಫ್ಲುವೊಕ್ಸಮೈನ್ ಎಂಬ ಮನೋರೋಗದ ಔಷಧದಲ್ಲಿರುವವರು ಇಂಥ ಪುಡಿಗಳಿಂದ ಇನ್ನಷ್ಟು ದೂರವಿರಬೇಕು; ಇವರಲ್ಲಿ ಕೆಫೀನ್ ದೇಹದಿಂದ ಹೊರಹೋಗುವುದು ಬಹಳ ನಿಧಾನವಾಗುವುದರಿಂದ ಮೂರನೆಯ ಚಮಚ ಬೀಳುವಾಗ ಮೊದಲನೆಯದರ ಬಹುಪಾಲು ಇನ್ನೂ ರಕ್ತದಲ್ಲಿರುತ್ತದೆ. ಪುಡಿಯನ್ನು ಈಗಾಗಲೇ ಸೇವಿಸುತ್ತಿದ್ದು, ಎದೆನೋವು, ಲಯ ತಪ್ಪಿದ ಬಡಿತ, ತಲೆಸುತ್ತಿ ಬೀಳುವಂತಾಗುವುದು ಅಥವಾ ನಿಲ್ಲದ ವಾಂತಿ ಕಾಣಿಸಿಕೊಂಡವರು ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಹೋಗುವಾಗ ಡಬ್ಬಿಯನ್ನೂ ಅದರೊಳಗಿನ ಅಳತೆ ಚಮಚವನ್ನೂ ಜೊತೆಗೆ ಒಯ್ಯಿರಿ. ಬ್ಯಾಚ್ ಸಂಖ್ಯೆ ಸಾಮಾನ್ಯವಾಗಿ ತಳದಲ್ಲಿ ಅಚ್ಚಾಗಿರುತ್ತದೆ, ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಕೊಡಲು ಅದು ಬೇಕಾಗುತ್ತದೆ.