ತೂಕಡಿಸುವ ಅಜ್ಜ, ನಾಲ್ಕು ವಿಡಿಯೊ ಗೇಮ್ ಶೈಲಿಗಳಲ್ಲಿ

ಕುರ್ಚಿಯಲ್ಲಿ ಕುಳಿತಲ್ಲೇ ನಿದ್ದೆಹೋದ ಅಜ್ಜನ ಫೋಟೊ ಒಂದು ನನ್ನ ಬಳಿ ಇದೆ. ಕನ್ನಡಕ ಮೂಗಿನ ತುದಿಗೆ ಜಾರಿದೆ, ಪತ್ರಿಕೆ ಮಡಿಲಲ್ಲಿ ಮಗುಚಿ ಬಿದ್ದಿದೆ. ವಿಡಿಯೊ ಗೇಮ್‌ಗಳ ಚಿತ್ರಶೈಲಿಗಳಲ್ಲಿ ಯಾವುದು ನನ್ನ ಕೈಗೆ ಒಗ್ಗೀತು ಎಂದು ನೋಡಲು ಇದೊಂದನ್ನೇ ನಾಲ್ಕು ಬಗೆಯಲ್ಲಿ ಬಿಡಿಸಿದೆ. ಆಟದ ಪಾತ್ರಗಳನ್ನು ಮುಟ್ಟಲಿಲ್ಲ. ಅವನ್ನು ಬಿಡಿಸಿ ಚೆನ್ನಾಗಿ ಬಂದರೆ ಅದು ನನ್ನ ಕೈಗುಣವೋ ಮೂಲ ವಿನ್ಯಾಸದ ಗುಣವೋ ಹೇಳುವುದು ಕಷ್ಟ.

ಮೊದಲು 2016ರ ‘ಡಾರ್ಕೆಸ್ಟ್ ಡಂಜನ್’ ಆಟ. ಕ್ರಿಸ್ ಬೊರಾಸಾ ರೂಪಿಸಿದ ಈ ಶೈಲಿಯಲ್ಲಿ ದಪ್ಪ ಗೆರೆ, ಅಚ್ಚ ಕಪ್ಪು ನೆರಳು. ಕಣ್ಣಿನ ಜಾಗದಲ್ಲೂ ಕತ್ತಲೆಯೇ. ಬೆಳಕು ಎಲ್ಲಿಂದ ಬೀಳುತ್ತದೆ ಎಂದು ನಿರ್ಧರಿಸಿ ಉಳಿದ ಕಡೆಗೆಲ್ಲ ಮಸಿ ಬಳಿದರಾಯಿತು. ಒಂದೇ ಸಂಜೆಯಲ್ಲಿ ಮುಗಿಯಿತು, ನೋಡಲು ಗಟ್ಟಿಯಾಗಿಯೂ ಬಂತು. ಆದರೆ ಅಮ್ಮ ನೋಡಿದವಳೇ “ಇವರಿಗೆ ಏನಾಯಿತು?” ಎಂದು ಗಾಬರಿಯಾದಳು. ತಪ್ಪು ಅವಳದಲ್ಲ. ಆ ಕತ್ತಲೆ ಹುಟ್ಟಿದ್ದೇ ಒತ್ತಡಕ್ಕೆ ಸಿಕ್ಕಿ ಬುದ್ಧಿ ಕಳೆದುಕೊಳ್ಳುವ ವೀರರ ಕಥೆಗಾಗಿ. ಮಧ್ಯಾಹ್ನದ ನಿದ್ದೆಯನ್ನು ಅದರೊಳಗೆ ತುರುಕಿದರೆ ಹೆಣವೇ ಆಗುತ್ತದೆ. ಕಪ್ಪನ್ನು ಅರ್ಧಕ್ಕೆ ಇಳಿಸಿದೆ. ಅಜ್ಜ ಬದುಕಿದ, ಶೈಲಿ ಸತ್ತಿತು. ಅಕ್ಕಪಕ್ಕದ ಎರಡು ನೆರಳುಗಳನ್ನು ಕೂಡಿಸಿ ಒಂದೇ ಆಕಾರವಾಗಿಸುವ ಉಪಾಯ ಮಾತ್ರ ನನ್ನಲ್ಲಿ ಉಳಿಯಿತು.

2018ರ ‘ಗ್ರಿಸ್’ ಆಟದ ಜಲವರ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಜಗತ್ತಿಗೆ ಬಣ್ಣ ಒಂದೊಂದಾಗಿ ಮರಳುತ್ತದೆ, ಮೊದಲು ಕೆಂಪು. ನಾನೋ ಆಸೆಬುರುಕತನದಿಂದ ಎಲ್ಲ ಬಣ್ಣವನ್ನೂ ಒಟ್ಟಿಗೆ ಹರಿಯಬಿಟ್ಟೆ. ಶುಭಾಶಯ ಪತ್ರದಂಥ ಚಿತ್ರವಾಯಿತು.

‘ಮೆಟಲ್ ಗೇರ್ ಸಾಲಿಡ್’ ಆಟಕ್ಕೆ ಯೋಜಿ ಶಿಂಕಾವಾ ಬಿಡಿಸಿದ ಚಿತ್ರಗಳ ದಾರಿ ಬೇರೆ. ಬ್ರಷ್ ಪೆನ್ನಿನ ಗೆರೆ ಅರ್ಧದಲ್ಲೇ ಕಡಿಯುತ್ತದೆ, ಉಳಿದದ್ದನ್ನು ನೋಡುವವನ ಕಣ್ಣು ತುಂಬಿಕೊಳ್ಳುತ್ತದೆ. ಪೆನ್ಸಿಲ್ ಕರಡು ಇಲ್ಲದೆ ಹೊರಟ ನಾನು ಇಪ್ಪತ್ತಕ್ಕೂ ಹೆಚ್ಚು ಹಾಳೆ ಕೆಡಿಸಿದೆ. ಬಿರುಸಿನ ಆ ಗೆರೆಗೆ ಯಂತ್ರ, ಬಿಗಿದ ಮೈ ಸಲೀಸು. ಹಾಗಾಗಿ ನನ್ನ ಕುರ್ಚಿ ಅದ್ಭುತವಾಗಿ ಬರುತ್ತಿತ್ತು, ಅಜ್ಜ ಬರುತ್ತಿರಲಿಲ್ಲ. ಕೊನೆಗೊಂದು ಹಾಳೆಯಲ್ಲಿ, ಪೆನ್ನಿನ ಮಸಿ ಒಣಗುತ್ತ ಬಂದಾಗ, ಬಾಗಿದ ಬೆನ್ನು ಒಂದೇ ಎಳೆತದಲ್ಲಿ ಮೂಡಿತು. ಅದನ್ನು ಮತ್ತೆ ಬಿಡಿಸಲು ಇಂದಿಗೂ ಆಗಿಲ್ಲ.

ಕೊನೆಯದು ಪಿಕ್ಸೆಲ್ ಚಿತ್ರ, ಅಂದರೆ ಪರದೆಯ ಪುಟ್ಟ ಚೌಕ ಚುಕ್ಕೆಗಳನ್ನು ಒಂದೊಂದಾಗಿ ತುಂಬಿ ಬಿಡಿಸುವುದು. ಇದರಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. ಕೈಯಲ್ಲಿ ಹಿಡಿದು ಆಡುವ 1989ರ ಆಟದ ಯಂತ್ರ ಗೇಮ್ ಬಾಯ್‌ನ ಪರದೆಯಲ್ಲಿ 160×144 ಪಿಕ್ಸೆಲ್, ನಾಲ್ಕೇ ಛಾಯೆ. ನಾನು ಇನ್ನೂ ಜಿಪುಣನಾಗಿ 48×48ರ ಚೌಕ ತೆಗೆದುಕೊಂಡೆ. ಪುಟ್ಟ ಚಿತ್ರ ಬೇಗ ಮುಗಿದೀತು ಎಂದುಕೊಂಡಿದ್ದೆ. ಮೂರು ವಾರಾಂತ್ಯ ನುಂಗಿತು. ಸುಕ್ಕಿಗೆ ಜಾಗವಿಲ್ಲ, ಬೆರಳುಗಳಿಗೆ ಜಾಗವಿಲ್ಲ. ಪತ್ರಿಕೆ ಎಂದರೆ ಒಂದು ಬಿಳಿ ತುಂಡು. ಕನ್ನಡಕವನ್ನು ಒಂದು ಪಿಕ್ಸೆಲ್ ಕೆಳಗಿಳಿಸಿದೆ, ತಟ್ಟನೆ ಅಜ್ಜ ನಿದ್ದೆಹೋದ. ಗಲ್ಲವನ್ನೂ ಇಳಿಸಿದರೆ ಗೊರಕೆ! ಅವನ ನಿದ್ದೆ ಮುಖದ ವಿವರಗಳಲ್ಲಿ ಇರಲಿಲ್ಲ, ಕನ್ನಡಕ ಮತ್ತು ಮೂಗಿನ ನಡುವಿನ ಅಂತರದಲ್ಲಿತ್ತು. ಇದು ಬೇರೆ ಯಾವ ಶೈಲಿಯಲ್ಲೂ ನನಗೆ ಕಂಡಿರಲಿಲ್ಲ. (ಪ್ರಯತ್ನಿಸುವವರು ಚಿತ್ರವನ್ನು ನಾಲ್ಕು ಪಟ್ಟು, ಎಂಟು ಪಟ್ಟು ಎಂದು ಪೂರ್ಣಾಂಕದಲ್ಲೇ ಹಿಗ್ಗಿಸಿ, ಅಂಚು ಮೃದುವಾಗಿಸುವ ಆಯ್ಕೆಯನ್ನು ಆಫ್ ಮಾಡಿಡಿ. ಇಲ್ಲದಿದ್ದರೆ ಎಲ್ಲ ಕಲಸಿಹೋಗುತ್ತದೆ.)

ಈಗ ಏನೇ ಬಿಡಿಸುವುದಿದ್ದರೂ ಮೊದಲು ನಾಲ್ಕು ಛಾಯೆಯ ಪುಟ್ಟ ಚೌಕದಲ್ಲಿ ಬಿಡಿಸುತ್ತೇನೆ, ಆಮೇಲೆ ಬ್ರಷ್ ಪೆನ್ನು ಹಿಡಿಯುತ್ತೇನೆ. ಅಂದಹಾಗೆ, ಗೋಡೆಗೆ ಯಾವುದನ್ನು ಹಾಕೋಣ ಎಂದು ಮನೆಯವರ ಮುಂದೆ ನಾಲ್ಕನ್ನೂ ಹರಡಿದೆ. ಒಬ್ಬರೂ ತಪ್ಪದೆ ಜಲವರ್ಣವನ್ನೇ ತೋರಿಸಿದರು.