ಕೊಪ್ಪೆಯೊಳಗಿನ ಕೈಗೆ ಯಾವ ವಾಚು? ಮೂರೂವರೆ ಸ್ಮಾರ್ಟ್ ವಾಚ್ ಕಟ್ಟಿ ನೋಡಿದ ಕಥೆ

ಸೌತೆಕಾಯಿಗೂ ಎದೆಬಡಿತ ಇದೆ. ನಿಮಿಷಕ್ಕೆ 78. ನಂಬಿಕೆ ಬರದಿದ್ದರೆ ನನ್ನ 1,800 ರೂಪಾಯಿ ವಾಚನ್ನು ಒಂದಕ್ಕೆ ಕಟ್ಟಿ ನೋಡಿ.

ಒಂದೂವರೆ ವರ್ಷದಲ್ಲಿ ನನ್ನ ಎಡಗೈ ಮೂರು ಸ್ಮಾರ್ಟ್ ವಾಚ್ ಕಂಡಿದೆ. ಒಂದು ಆಫರ್‌ನಲ್ಲಿ ತಗೊಂಡ ಈ ಅಗ್ಗದ್ದು. ಎರಡನೆಯದು ಬೆಂಗಳೂರಿನ ಭಾವ ಹೊಸ ಮಾಡೆಲ್ ತಗೊಂಡ ಮೇಲೆ ನನ್ನ ಪಾಲಿಗೆ ಬಂದ, ಗೂಗಲ್‌ನ ವಾಚ್ ಸಾಫ್ಟ್‌ವೇರ್ ಇರುವ ವೇರ್ ಓಎಸ್ ವಾಚು. ಹೊಸದಿದ್ದಾಗ ಅದಕ್ಕೆ ಇಪ್ಪತ್ತೈದು ಸಾವಿರ ಕೊಟ್ಟಿದ್ದರಂತೆ. ಮೂರನೆಯದು ಗೆಳೆಯನಿಂದ ಅರ್ಧ ಬೆಲೆಗೆ ಕೊಂಡ ಗಾರ್ಮಿನ್ ಫೋರ್‌ರನ್ನರ್ 55. ನನಗಿರುವುದು ಆಲ್ದೂರು ಕಡೆ ನಾಲ್ಕು ಎಕರೆ ಕಾಫಿ ತೋಟ. ವಾರಕ್ಕೆರಡು ಸಲ ಚಿಕ್ಕಮಗಳೂರು ಪೇಟೆ, ತಿಂಗಳಿಗೊಮ್ಮೆ ಗುಡ್ಡ. ನೀವು ದಿನವಿಡೀ ಆಫೀಸಿನಲ್ಲಿ ಕೂರುವವರಾದರೆ ನನ್ನ ತೀರ್ಪು ನಿಮಗೆ ತಲೆಕೆಳಗಾಗಿ ಕಾಣಬಹುದು.

ಸೌತೆಕಾಯಿ ವಿಷಯ ಮೊದಲು ಮುಗಿಸುತ್ತೇನೆ. ವಾಚಿನ ಬೆನ್ನಲ್ಲಿ ಹಸಿರು ದೀಪ ಇರುತ್ತದಲ್ಲ, ಅದು ಚರ್ಮದ ಮೇಲೆ ಬೆಳಕು ಬಿಡುತ್ತದೆ. ರಕ್ತ ಹರಿದಂತೆ ವಾಪಸ್ ಬರುವ ಬೆಳಕು ಏರಿಳಿಯುತ್ತದೆ. ಆ ಏರಿಳಿತವೇ ಎದೆಬಡಿತದ ಲೆಕ್ಕ. ಅಗ್ಗದ ವಾಚು ತನ್ನ ಕೆಳಗೆ ಚರ್ಮ ಇದೆಯೋ ಇಲ್ಲವೋ ಅಂತ ಸರಿಯಾಗಿ ವಿಚಾರಿಸುವುದಿಲ್ಲ. ಏನೋ ಒಂದು ಬೆಳಕು ವಾಪಸ್ ಬಂದರೆ ಸಾಕು, ಸಂಖ್ಯೆ ಹೇಳಿಬಿಡುತ್ತದೆ. ಹಾಗಂತ ಪೂರ್ತಿ ಸುಳ್ಳೂ ಅಲ್ಲ. ಜಗಲಿಯಲ್ಲಿ ಸುಮ್ನೆ ಕೂತು ನೋಡಿದರೆ ಮೂರೂ ವಾಚು ಐದಾರರ ಅಂತರದಲ್ಲೇ ಇದ್ದವು. ಗುಡ್ಡ ಹತ್ತಿ ಏದುಸಿರು ಬಿಡುವಾಗ ಮಾತ್ರ ಅಗ್ಗದ್ದು 90ರಲ್ಲೇ ನೆಮ್ಮದಿಯಾಗಿತ್ತು. ನನಗಿಂತ ಅದೇ ಆರೋಗ್ಯವಾಗಿತ್ತು ಅನ್ನಿ.

ಅದರಲ್ಲಿ ಬಿಪಿ ಕೂಡ ತೋರಿಸುತ್ತಿತ್ತು. ಅಮ್ಮನಿಗೆ ಬಿಪಿ ಇರುವುದರಿಂದ ಆಸೆಯಿಂದ ಕಟ್ಟಿದೆ. ತೋಳಿಗೆ ಪಟ್ಟಿ ಸುತ್ತುವ ಮಿಷನ್ ಒಂದು ಹೇಳಿದರೆ ಇದು ಇನ್ನೊಂದು. ಬಿಪಿ ನೋಡುವುದೇ ಮುಖ್ಯವಾದರೆ ವಾಚಿನ ದುಡ್ಡಿಗೇ ಆ ಮಿಷನ್ ಬರುತ್ತದೆ, ಅದನ್ನೇ ತಗೊಳ್ಳಿ. ಸೂಜಿ ಚುಚ್ಚದೆ ಶುಗರ್ ಹೇಳುತ್ತೇನೆ ಅನ್ನುವ ವಾಚನ್ನಂತೂ ಮುಟ್ಟಲೇಬೇಡಿ. ಅಂಥವನ್ನು ನಂಬಬೇಡಿ ಎಂದು ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ.

ಇನ್ನು ಹೆಜ್ಜೆ ಲೆಕ್ಕ. ಇದರಲ್ಲಿ ಮೂರೂ ಒಂದೇ ದೋಣಿಯಲ್ಲಿವೆ. ವಾಚು ಎಣಿಸುವುದು ಕಾಲನ್ನಲ್ಲ, ಕೈಯ ಅಲುಗಾಟವನ್ನು. ಕುಯ್ಲಿನ ದಿನ ಒಂದೇ ಗಿಡದ ಬುಡದಲ್ಲಿ ನಿಂತು ಹಣ್ಣು ಬಿಡಿಸುತ್ತಿದ್ದರೂ ಹೆಜ್ಜೆ ಏರುತ್ತಲೇ ಇತ್ತು. ತೋಟದ ಕಚ್ಚಾ ದಾರಿಯಲ್ಲಿ ಜೀಪಿನಲ್ಲಿ ಕೂತು ಬಂದದ್ದಕ್ಕೂ ಒಂದಷ್ಟು ಹೆಜ್ಜೆ ಜಮಾ. ಹತ್ತು ಸಾವಿರ ಆಯಿತು ಅಂತ ವಾಚು ಪಟಾಕಿ ಹೊಡೆದಾಗ ನಾನು ಸ್ಟೇರಿಂಗ್ ಹಿಡಿದಿದ್ದೆ!

ನಿಜವಾದ ವ್ಯತ್ಯಾಸ ಕಂಡದ್ದು ಗುಡ್ಡದಲ್ಲಿ. ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತುವಾಗ ಎರಡು ಕೈಗೆ ಎರಡು ವಾಚು ಕಟ್ಟಿದ್ದೆ. ನೋಡಿದವರು ನಕ್ಕರು, ನಗಲಿ. ಮೇಲೆ ಹೋಗಿ ನೋಡಿದರೆ ಅಗ್ಗದ್ದು ಹೇಳಿದ ದೂರ ಗಾರ್ಮಿನ್ ಹೇಳಿದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು! ಅದರೊಳಗೆ ಜಿಪಿಎಸ್ ಇಲ್ಲ. ನನ್ನ ಎತ್ತರದಿಂದ ಒಂದು ಹೆಜ್ಜೆಯ ಉದ್ದ ಅಂದಾಜು ಮಾಡಿ ಗುಣಿಸುತ್ತದೆ, ಅಷ್ಟೇ. ಕಡಿದಾದ ಏರಿನಲ್ಲಿ ನಾವು ಪುಟ್ಟ ಪುಟ್ಟ ಹೆಜ್ಜೆ ಇಡುತ್ತೇವೆ ಅಂತ ಅದಕ್ಕೇನು ಗೊತ್ತು? ಫೋನಿನ ಜಿಪಿಎಸ್ ಎರವಲು ಪಡೆಯಬಹುದು. ಆದರೆ ಆಗ ಫೋನೂ ಎಚ್ಚರವಾಗಿರಬೇಕು, ಅದರ ಬ್ಯಾಟರಿಯೂ ಉಳಿಯಬೇಕು.

ಇಲ್ಲಿ ಒಂದು ಮಾತು. "ನಮ್ಮಲ್ಲಿ ನೆಟ್‌ವರ್ಕೇ ಇಲ್ಲ, ಜಿಪಿಎಸ್ ವಾಚು ಯಾಕೆ?" ಅಂತ ಪಕ್ಕದ ತೋಟದವರು ಕೇಳಿದ್ದರು. ಜಿಪಿಎಸ್‌ಗೆ ಟವರ್ ಬೇಡ. ಉಪಗ್ರಹದ ಸಿಗ್ನಲ್ ನೇರ ವಾಚಿಗೇ ಬರುತ್ತದೆ. ಸಿಲ್ವರ್ ಓಕ್ ದಟ್ಟವಾಗಿರುವ ಕಡೆ ದಾರಿಯ ಗೆರೆ ಸ್ವಲ್ಪ ಸೊಟ್ಟ ಆಗುತ್ತದೆ, ಅಷ್ಟೇ.

ಭಾವನ ವೇರ್ ಓಎಸ್ ವಾಚು ನೋಡಲು ರಾಜಕುಮಾರ. ಸ್ಕ್ರೀನ್ ಅಂದರೆ ಸ್ಕ್ರೀನ್. ಮ್ಯಾಪ್ ಬರುತ್ತದೆ, ಮೆಸೇಜಿಗೆ ಅಲ್ಲೇ ಉತ್ತರ ಕೊಡಬಹುದು. ಆದರೆ ಈ ಜಾತಿಯ ವಾಚಿಗೆ ದಿನಾ, ತಪ್ಪಿದರೆ ಎರಡು ದಿನಕ್ಕೊಮ್ಮೆ ಚಾರ್ಜ್ ಬೇಕೇ ಬೇಕು. ಪುನರ್ವಸು ಮಳೆ ಹಿಡಿದು ಲೈನಿನ ಮೇಲೆ ಮರ ಬಿದ್ದರೆ ನಮ್ಮಲ್ಲಿ ಮೂರು ದಿನ ಕರೆಂಟು ಇರುವುದಿಲ್ಲ. ಯುಪಿಎಸ್‌ನಲ್ಲಿ ಉಳಿದಿದ್ದು ಫೋನಿಗೋ ವಾಚಿಗೋ? ಅಪ್ಪನ ಎಚ್‌ಎಂಟಿ ಜನತಾಗೂ ದಿನಾ ಕೀಲಿ ಕೊಡಬೇಕಿತ್ತು, ಆದರೆ ಅದು ಕರೆಂಟು ಕೊಡುವ ಮೆಸ್ಕಾಂ ಕಡೆ ನೋಡುತ್ತಿರಲಿಲ್ಲ.

ಮಳೆಯಲ್ಲಿ ಇನ್ನೊಂದು ಫಜೀತಿ. ಟಚ್ ಸ್ಕ್ರೀನಿಗೆ ಬೆರಳೂ ಒಂದೇ, ನೀರ ಹನಿಯೂ ಒಂದೇ. ಮಳೆಗೆ ತಲೆಯಿಂದ ಹೊದೆಯುವ ಕೊಪ್ಪೆ ಹಾಕಿಕೊಂಡು ಗೊಬ್ಬರದ ಲೆಕ್ಕ ಮಾತಾಡುತ್ತಿದ್ದೆ, ಹನಿ ಬಿದ್ದು ಕಾಲ್ ತಾನಾಗಿಯೇ ಕಟ್ ಆಯಿತು. ವಾಟರ್ ಲಾಕ್ ಹಾಕಿದರೆ ಟಚ್ಚೇ ಬಂದ್.

ಫೋರ್‌ರನ್ನರ್ 55ರಲ್ಲಿ ಟಚ್ ಇಲ್ಲವೇ ಇಲ್ಲ. ಸುತ್ತ ಐದು ಬಟನ್. ಕೈಯೆಲ್ಲ ಕೆಸರಾಗಿದ್ದರೂ ಒತ್ತಬಹುದು. 2021ರ ಮಾಡೆಲ್, ಆಗಿನ ಬೆಲೆ ಇಪ್ಪತ್ತು ಸಾವಿರದ ಆಸುಪಾಸು. ಬಿಸಿಲು ಜಾಸ್ತಿಯಾದಷ್ಟೂ ಇನ್ನೂ ಚೆನ್ನಾಗಿ ಕಾಣುವ ಸ್ಕ್ರೀನ್. ಮನೆಯೊಳಗೆ ಮಂಕು, ಮಗಳು ಕ್ಯಾಲ್ಕುಲೇಟರ್ ಅಂತಾಳೆ. ವಾಚಾಗಿ ಎರಡು ವಾರ, ಜಿಪಿಎಸ್ ಹಾಕಿದರೆ 20 ಗಂಟೆ ಅಂತ ಕಂಪನಿ ಲೆಕ್ಕ. ನನಗೆ ಹತ್ತು ದಿನ ಬರುತ್ತಿದೆ. ಇದರಲ್ಲಿ ಮಾತಾಡಲು ಮೈಕ್ ಇಲ್ಲ, ಆಕ್ಸಿಜನ್ ಅಳತೆ ಇಲ್ಲ. ಎರಡನೆಯದು ನೆನಪಿಗೂ ಬರಲಿಲ್ಲ. ಮೊದಲನೆಯದು ಬಂತು. ಅಗ್ಗದ ವಾಚಿನಲ್ಲಿ ಕಾಲ್ ಮಾಡುವುದು ನಿಜಕ್ಕೂ ಅನುಕೂಲ, ಫೋನ್ ಹತ್ತಿಪ್ಪತ್ತು ಅಡಿಯೊಳಗೆ ಇರಬೇಕು ಅಷ್ಟೇ. ಮೆಣಸಿನ ಏಣಿಗೆ ತಗುಲಿ ಆ ಅಗ್ಗದ್ದರ ಗಾಜು ಗೀರಿದಾಗಲೂ ಹೊಟ್ಟೆ ಉರಿಯಲಿಲ್ಲ.

ಹಾಗಾದರೆ ಯಾವುದು? ಕಾಲ್, ಮೆಸೇಜು, ಟೈಮು ಸಾಕು ಅನ್ನುವವರಿಗೆ ಎರಡು ಸಾವಿರದ್ದೇ ಸಾಕು, ಆರೋಗ್ಯದ ಸಂಖ್ಯೆಗಳನ್ನು ಮರೆತುಬಿಡಿ. ಪೇಟೆಯಲ್ಲಿದ್ದು ರಾತ್ರಿ ತಪ್ಪದೆ ಚಾರ್ಜಿಗೆ ಹಾಕುವವರಿಗೆ ವೇರ್ ಓಎಸ್. ಆದರೆ ಮೊದಲು ಫೋನ್ ನೋಡಿಕೊಳ್ಳಿ: ಗ್ಯಾಲಕ್ಸಿ ವಾಚ್ 4ರಿಂದ ಈಚಿನವು ಐಫೋನ್‌ಗೆ ಸೇರುವುದಿಲ್ಲ, ಆಪಲ್ ವಾಚು ಐಫೋನ್ ಬಿಟ್ಟು ಬೇರೆಯದಕ್ಕೆ ಸೇರುವುದಿಲ್ಲ. ಇನ್ನುಳಿದವರಿಗೆ ನಾನು ಹೇಳುವುದು ಎಂಟು ಸಾವಿರದ ಆಸುಪಾಸು. ಆ ಉಳಿದ ಅರ್ಧ ವಾಚು ಇದೇ. ಮಾವನ ಮಗನ ಅಮೇಜ್‌ಫಿಟ್ ಬಿಪ್ 6 ಒಂದು ಭಾನುವಾರ ಇಸ್ಕೊಂಡಿದ್ದೆ. ಸ್ವಂತ ಜಿಪಿಎಸ್, 5 ಎಟಿಎಂ (50 ಮೀಟರ್ ಆಳದ ನೀರಿನ ಒತ್ತಡದಷ್ಟು) ನೀರಿನ ರಕ್ಷಣೆ, ಮಾತಾಡಲು ಮೈಕ್, ಬ್ಯಾಟರಿ 14 ದಿನ ಅಂತ ಕಂಪನಿ ಹೇಳುತ್ತದೆ. ಕೈಯಲ್ಲಿ ಗಾರ್ಮಿನ್ ಇರದಿದ್ದರೆ ನಾನೂ ಅದನ್ನೇ ತಗೊಳ್ಳುತ್ತಿದ್ದೆ.

ಯಾವುದೇ ಕೊಂಡರೂ ಅದೇ ದಿನ ಇನ್ನೊಂದು ಚಾರ್ಜಿಂಗ್ ಕೇಬಲ್ ತರಿಸಿ. ಒಂದರ ಪಿನ್ನು ಇನ್ನೊಂದಕ್ಕೆ ಕೂರುವುದಿಲ್ಲ. ಕಳೆದ ಮಳೆಗಾಲದಲ್ಲಿ ನನ್ನದನ್ನು ಇಲಿ ಕಡಿಯಿತು. ಎಂ.ಜಿ. ರಸ್ತೆಯ ಐದು ಅಂಗಡಿ ಸುತ್ತಿದರೂ ಸಿಗಲಿಲ್ಲ. ಈಗ ಒಂದು ಮನೆಯಲ್ಲಿ, ಒಂದು ಜೀಪಿನ ಡ್ಯಾಶ್‌ಬೋರ್ಡಿನಲ್ಲಿ.