ಹಿತ್ತಲಲ್ಲಿ ಸಿಕ್ಕ ರೋಮನ್ ನಾಣ್ಯಗಳನ್ನು ಅಂಗಡಿಗೆ ಒಯ್ಯಬೇಡಿ

ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯಲ್ಲಿ ಸ್ವಂತ ಮನೆಯಿರುವ ನಮ್ಮ ಬಂಧುಗಳಿಗೆ, ಹಿತ್ತಲ ಬೇಲಿಗೆ ಕಂಬ ನೆಡಲು ಅಗೆಯುವಾಗ, ಒಂದೇ ಗುಂಡಿಯಲ್ಲಿ 12 ಸಣ್ಣ ತಾಮ್ರದ ನಾಣ್ಯಗಳು ಸಿಕ್ಕವು. ಅವನ್ನು ನೋಡಿದ ಹಳೆಯ ನಾಣ್ಯಗಳ ವ್ಯಾಪಾರಿಯೊಬ್ಬರು, ತಾಮ್ರಕ್ಕೆ ನಿಧಿ ಕಾನೂನು ಅನ್ವಯಿಸುವುದಿಲ್ಲವೆಂದು ನಂಬಿಸಿ, ಒಂದು ಮಾತೂ ಕೇಳದೆ ಎಲ್ಲವನ್ನೂ ಆಮ್ಲದಲ್ಲಿ ತೊಳೆದು, ಚೆನ್ನಾಗಿ ಕಂಡ ಮೂರನ್ನು ಅಲ್ಪ ಬೆಲೆಗೆ ಕೊಂಡು, ಉಳಿದವು ನಿಷ್ಪ್ರಯೋಜಕವೆಂದು ಹಿಂತಿರುಗಿಸಿದರು.

ಅವರು ಹೇಳಿದ್ದು ಸುಳ್ಳು. 1996ರ ನಿಧಿ ಕಾಯ್ದೆಯ ಪ್ರಕಾರ, 300 ವರ್ಷಕ್ಕಿಂತ ಹಳೆಯದಾದ ನಾಣ್ಯಗಳು ಒಟ್ಟಾಗಿ ದೊರೆತಾಗ, ಅವುಗಳಲ್ಲಿ ಚಿನ್ನ ಅಥವಾ ಬೆಳ್ಳಿ ಶೇಕಡ 10ರಷ್ಟಿದ್ದರೆ ಎರಡೇ ನಾಣ್ಯಗಳು ನಿಧಿಯಾಗುತ್ತವೆ. ಅಷ್ಟಿಲ್ಲದಿದ್ದರೂ ಸಂಖ್ಯೆ ಹತ್ತು ಮುಟ್ಟಿದರೆ ನಿಧಿಯೇ. ಅಂಥದ್ದನ್ನು 14 ದಿನಗಳೊಳಗೆ, ನಿಧಿಗಳ ವಿಚಾರಣೆ ನಡೆಸುವ ಅಧಿಕಾರಿಯಾದ ಕರೋನರ್ ಅವರಿಗೆ ತಿಳಿಸುವುದು ಕಡ್ಡಾಯ.

ಆಮ್ಲದಿಂದಾದ ಹಾನಿಯೇ ನನಗೆ ಹೆಚ್ಚು ನೋವು ತಂದಿದೆ. ನಾಲ್ಕನೆಯ ಶತಮಾನದ ಈ ನಾಣ್ಯಗಳಲ್ಲಿ ಇಬ್ಬರು ಸೈನಿಕರ ನಡುವೆ ಎರಡು ಧ್ವಜಸ್ತಂಭಗಳಿದ್ದರೆ ಅದು 330ರಿಂದ 335ರ ನಡುವಿನದು, ಒಂದೇ ಇದ್ದರೆ ಅದರ ನಂತರದ ಕೆಲವು ವರ್ಷಗಳದ್ದು. ಅವರ ಕಾಲಡಿಯ ಪುಟ್ಟ ಅಕ್ಷರಗಳು ಅದು ಟ್ರಿಯರ್, ಲಿಯಾನ್, ಆರ್ಲ್ ಮೊದಲಾದ ಯಾವ ಟಂಕಸಾಲೆಯದೆಂದು ತಿಳಿಸುತ್ತವೆ. ಈ ಸೂಕ್ಷ್ಮ ಗೆರೆಗಳು ಎಷ್ಟೋ ವೇಳೆ ಮೇಲಿನ ಹಸಿರು ಪದರದಲ್ಲಿಯೇ ಉಳಿದಿರುವುದರಿಂದ, ಪದರವನ್ನು ಕರಗಿಸಿದರೆ ಕೆಳಗೆ ಸಿಗುವುದು ತೂತುಬಿದ್ದ ಲೋಹ ಮಾತ್ರ. ಹಿಂತಿರುಗಿ ಬಂದ ನಾಣ್ಯಗಳಲ್ಲಿ ಕೆಲವು ಒರಟಾದ ನಕಲುಗಳಂತೆ ಕಾಣುತ್ತವೆ. 340ರ ದಶಕದಲ್ಲಿ ಬ್ರಿಟನ್ನಿಗೆ ಅಧಿಕೃತ ಚಿಲ್ಲರೆಯ ಪೂರೈಕೆ ಕುಸಿದಾಗ ಸ್ಥಳೀಯರು ಅಂಥ ನಕಲುಗಳನ್ನು ಹೇರಳವಾಗಿ ಟಂಕಿಸಿದರು. ವ್ಯಾಪಾರಿಗೆ ಬೇಡವಾದ ಅವೇ ಅಂದಿನ ಜನರ ನಿತ್ಯದ ವ್ಯವಹಾರಕ್ಕೆ ಸಾಕ್ಷ್ಯವೆಂಬುದನ್ನು ದಯವಿಟ್ಟು ಗಮನಿಸಿ.

ಹೀಗೆ ನಾಣ್ಯ ಸಿಕ್ಕರೆ ಉಜ್ಜಬೇಡಿ, ವಿನೆಗರ್‌ನಲ್ಲಿ ನೆನೆಸಬೇಡಿ, ಬೇರೆಡೆ ಸಿಕ್ಕವುಗಳೊಂದಿಗೆ ಬೆರೆಸಬೇಡಿ. ಒಂದೊಂದನ್ನೂ ಪ್ರತ್ಯೇಕ ಲಕೋಟೆಯಲ್ಲಿಟ್ಟು, ಅಳತೆಪಟ್ಟಿಯೊಡನೆ ಎರಡೂ ಮುಖಗಳ ಚಿತ್ರ ತೆಗೆದು, ತೂಕ, ವ್ಯಾಸ, ಸಿಕ್ಕ ಆಳ ಮತ್ತು ನಕ್ಷೆಯಲ್ಲಿನ ನಿಖರ ಜಾಗವನ್ನು ಬರೆದಿಡಿ. ಜಮೀನು ಬೇರೆಯವರದಾದರೆ ಅವರಿಗೂ ತಿಳಿಸಿ. ಬಳಿಕ, ಸಾರ್ವಜನಿಕರಿಗೆ ಸಿಕ್ಕ ಪುರಾತನ ವಸ್ತುಗಳನ್ನು ದಾಖಲಿಸುವ ಯೋಜನೆಯಾದ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್‌ನ ನಿಮ್ಮ ಪ್ರದೇಶದ ಅಧಿಕಾರಿಯನ್ನು ಕಾಣಿರಿ. ಅವರು ಶುಲ್ಕವಿಲ್ಲದೆ ಗುರುತಿಸಿ ದಾಖಲಿಸುತ್ತಾರೆ, ಕರೋನರ್‌ಗೆ ವರದಿ ಸಲ್ಲಿಸಲೂ ನೆರವಾಗುತ್ತಾರೆ.

ನಮ್ಮ ಬಂಧುಗಳು ಉಳಿದ ಒಂಬತ್ತನ್ನು ಈಗ ಆ ಅಧಿಕಾರಿಗೆ ಒಪ್ಪಿಸಿ, ನಡೆದದ್ದೆಲ್ಲವನ್ನೂ ಲಿಖಿತವಾಗಿ ತಿಳಿಸಿದ್ದಾರೆ. ಆ ಮೂರನ್ನು ವ್ಯಾಪಾರಿ ಆಗಲೇ ಮಾರಿಬಿಟ್ಟಿದ್ದಾರೆ. ಅವುಗಳ ಒಂದು ಚಿತ್ರವೂ ನಮ್ಮ ಬಳಿ ಇಲ್ಲ.